ಹೊಂದಿಕೆ ಯಾರ ಶ್ರುತಿಗೆ?

ಹೆಣ್ಣುಮಕ್ಕಳು ಚಿಕ್ಕಂದಿನಿಂದ ಅತಿ ಹೆಚ್ಚು ಕೇಳುವ ಮಾತು ‘ಹೊಂದಿಕೊಂಡು ಹೋಗು’ ಎಂಬುದೇ ಇರಬೇಕು. ಮಾತು ಕೆಟ್ಟದ್ದೇನಲ್ಲ. ನಾಲ್ಕು ಜನ ಕೂಡಿ ಬಾಳುವ ಮನೆಯಲ್ಲಿ ಹೊಂದಿಕೆಯಿಲ್ಲದೆ ನಡೆದೀತೆ? ಆದರೆ ಯಾರು ಯಾರಿಗೆ ಹೊಂದಿಕೊಳ್ಳಬೇಕು ಎಂಬುದನ್ನು ಮಾತ್ರ ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಪ್ರಶ್ನೆ ನನ್ನಲ್ಲಿ ಮತ್ತೆ ಎದ್ದದ್ದು ಬೇಸ್ ಗಿಟಾರ್ ಎಂಬ ವಾದ್ಯದ ದೆಸೆಯಿಂದ.

ಕಾಲೇಜು ಓದಲೆಂದು ನಮ್ಮಲ್ಲಿರುವ ತಂಗಿಯ ಮಗಳು ಅದನ್ನು ಕಲಿಯುತ್ತಿದ್ದಾಳೆ. ಸಾಮಾನ್ಯ ಗಿಟಾರಿಗೆ ಆರು ತಂತಿ; ಇದಕ್ಕೆ ನಾಲ್ಕೇ, ಆದರೆ ದಪ್ಪ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಇದು ಹೆಸರಾಯಿತು. ತಂತಿಗಳಿಗೆ ಇ, ಎ, ಡಿ, ಜಿ ಎಂದು ಹೆಸರು. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಎ ತಂತಿ 55 ಸಲ. ಇಷ್ಟು ತಗ್ಗಿನ ಸ್ವರ ಹೊಸಬರ ಕಿವಿಗೆ ಸಿಗುವುದೇ ಕಷ್ಟ.

ಶ್ರುತಿ ಮಾಡುವ ಕ್ರಮ ಹೀಗೆ. ಇ ತಂತಿಯನ್ನು ಐದನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿದರೆ ಎ ಸ್ವರ ಬರುತ್ತದೆ. ಜೊತೆಗೇ ಪಕ್ಕದ ಎ ತಂತಿಯನ್ನೂ ಮೀಟಬೇಕು. ಎರಡೂ ಕೂಡದಿದ್ದರೆ ನಾದ ಅಲೆಯಂತೆ ಏರಿಳಿಯುತ್ತದೆ. ಬಿರಡೆ ತಿರುಗಿಸಿ ಸಮೀಪಕ್ಕೆ ತಂದಂತೆ ಅಲೆ ನಿಧಾನವಾಗುತ್ತದೆ, ಕೂಡಿದಾಗ ನಿಂತೇಹೋಗುತ್ತದೆ. ಹೀಗೆಯೇ ಉಳಿದೆರಡನ್ನೂ ಒಂದಕ್ಕೊಂದು ಕೂಡಿಸಬೇಕು.

ಒಂದು ಸಂಜೆ ನಾಲ್ಕೂ ಕೂಡಿದವು. ‘ಕೇಳು ದೊಡ್ಡಮ್ಮ’ ಎಂದು ನುಡಿಸಿದಳು. ಇಂಪಾಗಿಯೇ ಇತ್ತು. ಆದರೆ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಅದರ ಜೊತೆ ನುಡಿಸಿದಾಗ ಎಲ್ಲವೂ ಅಪಸ್ವರ. ಆಧಾರಕ್ಕೆ ಹಿಡಿದ ಇ ತಂತಿಯೇ ಇಳಿದಿತ್ತು. ಉಳಿದ ಮೂರೂ ನಿಷ್ಠೆಯಿಂದ ಅದಕ್ಕೇ ಹೊಂದಿಕೊಂಡಿದ್ದವು.

ನಮ್ಮ ಎಷ್ಟೋ ಮನೆಗಳು ಹೀಗೆಯೇ ಅಲ್ಲವೇ? ಜಗಳವಿಲ್ಲ, ಎತ್ತರದ ಮಾತಿಲ್ಲ. ‘ಹುಡುಗಿಗೆ ಹತ್ತನೆಯ ತರಗತಿ ಸಾಕು’ ಎಂದು ಹಿರಿಯರು ಅಂದರೆ ತಾಯಿ ಒಪ್ಪುತ್ತಾಳೆ, ಅಣ್ಣ ಒಪ್ಪುತ್ತಾನೆ, ಕೊನೆಗೆ ಹುಡುಗಿಯೂ ಒಪ್ಪುತ್ತಾಳೆ. ‘ಬಲವಂತವೇನಿಲ್ಲ ಟೀಚರ್, ಮನೆಯವರೆಲ್ಲ ಒಪ್ಪಿದ್ದೇವೆ’ ಎನ್ನುವ ತಾಯಂದಿರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಒಪ್ಪಿದ್ದು ನಿಜ. ಆದರೆ ಎಲ್ಲರೂ ಒಪ್ಪಿದ ಮಾತ್ರಕ್ಕೆ ಅದು ಸರಿಯಾದೀತೆ?

ಹಾಗಾದರೆ ಹೊರಗಿನ ಅಳತೆಯೇ ಸತ್ಯವೆನ್ನೋಣವೇ? ಅದೂ ಮನುಷ್ಯರು ಮಾಡಿದ್ದೇ. ಯೂರೋಪಿನಲ್ಲಿ ಹಿಂದೆ ಊರಿಗೊಂದು ಶ್ರುತಿಯಿತ್ತು. ಫ್ರಾನ್ಸ್ 1859ರಲ್ಲಿ ಎ ಸ್ವರಕ್ಕೆ 435 ಕಂಪನವೆಂದು ಗೊತ್ತುಮಾಡಿತು; 1939ರಲ್ಲಿ ಲಂಡನ್ನಿನಲ್ಲಿ ಹಲವು ದೇಶದವರು ಕೂತು 440 ಎಂದು ಒಪ್ಪಿದರು. ನಮ್ಮ ಹುಡುಗಿಯ 55ಕ್ಕೆ ಅದು ಸರಿಯಾಗಿ ಎಂಟರಷ್ಟು. ದೇವರು ಕೊಟ್ಟದ್ದಲ್ಲ, ನಿಜ. ಆದರೆ ಚರ್ಚಿಸಿ ಒಪ್ಪಿದ್ದು, ಯಾರು ಬೇಕಾದರೂ ಪರೀಕ್ಷಿಸಬಹುದಾದದ್ದು. ಮನೆಯ ಆಧಾರದ ತಂತಿಯನ್ನು ಪರೀಕ್ಷಿಸುವ ಹಕ್ಕು ಸೊಸೆಗೋ ಮಗಳಿಗೋ ಇದೆಯೇ?

ನಮ್ಮ ತಂಬೂರಿಯ ನ್ಯಾಯ ಇನ್ನೊಂದು. ಅಲ್ಲಿ ಹಾಡುವವರ ಕಂಠ ನೋಡಿ ಷಡ್ಜ ಹಿಡಿಯುತ್ತಾರೆ. ಹೆಂಗಸರ ಶ್ರುತಿ ಸಾಮಾನ್ಯವಾಗಿ ಗಂಡಸರದಕ್ಕಿಂತ ಎತ್ತರ. ಗಂಡಸರ ಶ್ರುತಿಯಲ್ಲೇ ಹುಡುಗಿಯನ್ನು ಹಾಡಿಸಿದರೆ ಕೆಳಗಿನ ಸ್ವರಗಳು ಗಂಟಲಲ್ಲೇ ಉಳಿಯುತ್ತವೆ. ಕೇಳಿದವರು ‘ಇವಳಿಗೆ ಕಂಠವಿಲ್ಲ’ ಎಂದುಬಿಡುತ್ತಾರೆ.

ಹೊಂದಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಶ್ರುತಿಗೂಡಿದ ನಾಲ್ಕು ತಂತಿಗಳೂ ಒಂದೇ ಸ್ವರ ನುಡಿಯುವುದಿಲ್ಲ. ತಮ್ಮ ತಮ್ಮ ಸ್ವರ ಉಳಿಸಿಕೊಂಡೇ ಕೂಡುತ್ತವೆ. ಸಡಿಲವಾದದ್ದು ನುಡಿಯದು, ಮೀರಿ ಬಿಗಿದದ್ದು ಕಡಿದುಹೋದೀತು. ಇಷ್ಟು ವಿವೇಕ ಮನೆಗಳಿಗೂ ಬೇಕು. ಐವತ್ತು ದಾಟಿದ ನಮ್ಮಂಥವರೇ ಈಗ ಎಷ್ಟೋ ಮನೆಗಳ ಆಧಾರದ ತಂತಿ. ಮಗಳಿಗೋ ಸೊಸೆಗೋ ‘ಹೊಂದಿಕೋ’ ಎನ್ನುವ ಮುನ್ನ ನಮ್ಮ ಬಿರಡೆಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.