ಕಂಡೂ ಕಾಣದಂತಿರುವುದು ಧರ್ಮವೇ?



ದಾರಿಹೋಕರಿಗೆ ತಂಗಲು ಸ್ಥಳ ಕೊಡುವ ಒಂದು ಛತ್ರವಿದೆ ಎಂದಿಟ್ಟುಕೊಳ್ಳೋಣ. ಬಂದವರಿಗೆ ಕೋಣೆ ಕೊಡುವುದು, ಅವರ ಗಂಟುಮೂಟೆಯನ್ನು ಬಿಚ್ಚಿ ನೋಡದಿರುವುದು ಛತ್ರದ ಮರ್ಯಾದೆ. ಆದರೆ ಒಂದು ಕೋಣೆಯಲ್ಲಿ ಮಗುವೊಂದನ್ನು ಹಿಂಸಿಸಲಾಗುತ್ತಿದೆ ಎಂಬುದು ಛತ್ರದವನಿಗೆ ತಿಳಿಯಿತು. ಆಗಲೂ ಅವನು “ಕೋಣೆ ಕೊಟ್ಟದ್ದಷ್ಟೇ ನನ್ನ ಕೆಲಸ, ಒಳಗೆ ನಡೆಯುವುದಕ್ಕೆ ನಾನು ಹೊಣೆಯಲ್ಲ” ಎನ್ನಬಹುದೇ? ಎನ್ನಬಾರದೆಂದು ನಾವೆಲ್ಲರೂ ಒಪ್ಪುತ್ತೇವೆ. ಪ್ರಶ್ನೆ ಕಠಿಣವಾಗುವುದು ಮುಂದಿನ ಹೆಜ್ಜೆಯಲ್ಲಿ. ಅಂಥದ್ದು ನಡೆಯುತ್ತಿರಬಹುದೆಂಬ ಶಂಕೆಯ ಮೇಲೆ ಅವನು ಎಲ್ಲರ ಕೋಣೆಗಳಲ್ಲೂ ಇಣುಕಬೇಕೇ?

ಇಂದು ಗೂಗಲ್, ಮೆಟಾ, ಮೈಕ್ರೋಸಾಫ್ಟ್, ಆ್ಯಪಲ್ ಮೊದಲಾದ ಕಂಪನಿಗಳ ಮುಂದಿರುವ ಪ್ರಶ್ನೆ ಇದೇ. ಕೋಟ್ಯಂತರ ಜನರ ಪತ್ರ, ಚಿತ್ರ, ಮಾತುಕತೆಗಳು ಇವರ ಯಂತ್ರಗಳಲ್ಲಿ ತಂಗುತ್ತವೆ. ಅವುಗಳ ನಡುವೆಯೇ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳೂ ಹರಿದಾಡುತ್ತವೆ. ಕ್ಯಾಮರಾದಲ್ಲಿ ಸೆರೆಯಾದ ಇಂಥ ಪ್ರತಿಯೊಂದು ಚಿತ್ರದ ಹಿಂದೆಯೂ ನಿಜವಾಗಿ ನೊಂದ ಒಂದು ಮಗುವಿದೆ. ಚಿತ್ರ ಕೈಯಿಂದ ಕೈಗೆ ದಾಟಿದಷ್ಟು ಸಲ ಆ ಮಗುವಿಗೆ ಮತ್ತೆ ಅನ್ಯಾಯವಾಗುತ್ತದೆ. ಆದ್ದರಿಂದಲೇ ನಮ್ಮ ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ, ಇವನ್ನು ‘ಮಕ್ಕಳ ಅಶ್ಲೀಲ ಚಿತ್ರ’ ಎನ್ನದೆ ಮಕ್ಕಳ ಲೈಂಗಿಕ ಶೋಷಣೆ ಹಾಗೂ ದೌರ್ಜನ್ಯದ ಸಾಮಗ್ರಿ ಎಂದೇ ಕರೆಯಬೇಕೆಂದು ನ್ಯಾಯಾಲಯಗಳಿಗೆ ಸೂಚಿಸಿತು.

ಕಂಪನಿಗಳು ಇದನ್ನು ಪತ್ತೆಹಚ್ಚುವ ಬಗೆಯನ್ನು ಮೊದಲು ತಿಳಿದುಕೊಳ್ಳೋಣ. 2009ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕ ಹ್ಯಾನಿ ಫರೀದ್ ಅವರೊಡನೆ ‘ಫೋಟೋಡಿಎನ್‌ಎ’ ಎಂಬ ವಿಧಾನವನ್ನು ರೂಪಿಸಿತು. ಪೊಲೀಸರಿಗೆ ಈಗಾಗಲೇ ಸಿಕ್ಕಿರುವ ಚಿತ್ರವೊಂದನ್ನು ಅದು ಅಂಕಿಗಳ ಸಾಲಾಗಿ ಮಾರ್ಪಡಿಸುತ್ತದೆ. ಈ ಸಾಲು ಚಿತ್ರದ ಹೆಬ್ಬೆರಳ ಗುರುತಿದ್ದಂತೆ. ಚಿತ್ರವನ್ನು ಚಿಕ್ಕದು ಮಾಡಿದರೂ, ಬಣ್ಣವನ್ನು ತುಸು ಬದಲಿಸಿದರೂ ಗುರುತು ಹೊಂದುತ್ತದೆ. ಯಾರಾದರೂ ಅದೇ ಚಿತ್ರವನ್ನು ಏರಿಸಿದರೆ ಯಂತ್ರ ಹಿಡಿದು ತೋರಿಸುತ್ತದೆ. ನಮ್ಮ ಮನೆಯ ಮದುವೆಯ ಚಿತ್ರ, ಜಾತ್ರೆಯ ಚಿತ್ರ ಆ ಪಟ್ಟಿಯಲ್ಲಿಲ್ಲದ ಕಾರಣ ಅವುಗಳ ಗೊಡವೆಗೆ ಅದು ಹೋಗುವುದಿಲ್ಲ.

ಹೀಗೆ ಸಿಕ್ಕದ್ದನ್ನು ಅಮೆರಿಕದ ಕಂಪನಿಗಳು ಅಲ್ಲಿನ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ ತಿಳಿಸಲೇಬೇಕು. ಆದರೆ ಹುಡುಕಲೇಬೇಕೆಂದು ಅಲ್ಲಿನ ಕಾನೂನು ಕಟ್ಟು ಮಾಡಿಲ್ಲ. 2023ರಲ್ಲಿ ಆ ಕೇಂದ್ರಕ್ಕೆ 3 ಕೋಟಿ 60 ಲಕ್ಷಕ್ಕೂ ಹೆಚ್ಚು ವರದಿಗಳು ಬಂದವು. ಒಂದೇ ಚಿತ್ರ ಸಾವಿರ ಸಲ ಸುತ್ತುವುದರಿಂದ ಇದನ್ನು ಮಕ್ಕಳ ಸಂಖ್ಯೆಯೆಂದು ಎಣಿಸಬಾರದು. ವರದಿಗಳಲ್ಲಿ ಬಹುಪಾಲು ಅಮೆರಿಕದ ಹೊರಗಿನವು. 2019ರ ಏಪ್ರಿಲ್‌ನಲ್ಲಿ ಆದ ಒಡಂಬಡಿಕೆಯಂತೆ, ಭಾರತಕ್ಕೆ ಸೇರಿದವು ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋಗೆ ಬಂದು, ಅಲ್ಲಿಂದ ಆಯಾ ರಾಜ್ಯದ ಪೊಲೀಸರ ಕೈ ಸೇರುತ್ತವೆ.

ಇಷ್ಟರವರೆಗೆ ನಮಗೆ ಸಂಕೋಚವಿಲ್ಲ. ಗೊತ್ತಿರುವ ಚಿತ್ರದ ಗುರುತನ್ನು ಹೋಲಿಸಿ ನೋಡುವುದು ಪರರ ಪತ್ರ ಓದಿದಂತಲ್ಲ. ಆದರೆ ಹಿಂದೆಂದೂ ಕಾಣದ ಹೊಸ ಚಿತ್ರವನ್ನು ನೋಡಿ “ಇದು ಕೆಟ್ಟದ್ದಿರಬಹುದು” ಎಂದು ಊಹಿಸುವ ಯಂತ್ರಗಳೂ ಬಂದಿವೆ. ಹೊಸದಾಗಿ ಹಿಂಸೆಗೊಳಗಾಗುತ್ತಿರುವ ಮಗುವನ್ನು ಕಾಪಾಡಲು ಇವು ನೆರವಾಗಬಲ್ಲವು. ಊಹೆ ತಪ್ಪಿದರೆ ನಿರಪರಾಧಿಯನ್ನೂ ಸುಡಬಲ್ಲವು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತಂದೆಯೊಬ್ಬ, ಕಾಯಿಲೆಯಾದ ತನ್ನ ಪುಟ್ಟ ಮಗನ ಚಿತ್ರವನ್ನು ವೈದ್ಯರಿಗೆ ತೋರಿಸಲು ಫೋನಿನಲ್ಲಿ ತೆಗೆದ. ಗೂಗಲ್‌ನ ಯಂತ್ರ ಅದನ್ನು ದೌರ್ಜನ್ಯವೆಂದು ಬಗೆಯಿತು. ಪೊಲೀಸರು ತನಿಖೆ ಮಾಡಿ ಅಪರಾಧವೇನೂ ನಡೆದಿಲ್ಲವೆಂದರು. ಆದರೂ ಕಂಪನಿ ಅವನ ಖಾತೆಯನ್ನು ಮರಳಿ ಕೊಡಲಿಲ್ಲವೆಂದು 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಸುಳಿವು ಕೊಡುವುದು ಯಂತ್ರದ ಕೆಲಸ. ವಿಚಾರಿಸುವುದು ಮನುಷ್ಯನ ಕೆಲಸ. ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ. ಮೂರನ್ನೂ ಒಬ್ಬನೇ ಮಾಡಹೊರಟರೆ ರಕ್ಷಣೆಯೇ ಅನ್ಯಾಯವಾಗುತ್ತದೆ.

ಇನ್ನೊಂದು ತುದಿಯ ತೊಡಕೂ ಇದೆ. ಆ್ಯಪಲ್ ಕಂಪನಿಯು 2021ರಲ್ಲಿ ಜನರ ಫೋನಿನೊಳಗೇ ಚಿತ್ರದ ಗುರುತು ಹೋಲಿಸುವ ಯೋಜನೆಯನ್ನು ಸಾರಿತು. ಇಂದು ಮಕ್ಕಳ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ನಾಳೆ ಸರ್ಕಾರಗಳು ಬೇರೇನನ್ನಾದರೂ ಹುಡುಕಿಸಬಹುದೆಂಬ ಆಕ್ಷೇಪ ಬಂದಿತು. 2022ರಲ್ಲಿ ಯೋಜನೆಯನ್ನು ಕೈಬಿಟ್ಟಿತು. 2023ರ ಡಿಸೆಂಬರ್‌ನಲ್ಲಿ ಮೆಟಾ ಕಂಪನಿಯು ತನ್ನ ಮೆಸೆಂಜರ್‌ನ ಖಾಸಗಿ ಮಾತುಕತೆಗಳಿಗೆ, ತಾನೂ ತೆರೆಯಲಾಗದಂಥ ಬೀಗವನ್ನು ಹಾಕತೊಡಗಿತು. ಆ ಬೀಗ ಸಜ್ಜನರನ್ನೂ ಕಾಯುತ್ತದೆ, ದುರ್ಜನರನ್ನೂ ಮರೆಮಾಡುತ್ತದೆ. ಬೀಗ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ನೋಡಲಾಗದಂತೆ ಮಾಡಿಕೊಂಡವನ ಹೊಣೆ ಅಲ್ಲಿಗೆ ತೀರುವುದಿಲ್ಲ. ಅಪರಿಚಿತ ವಯಸ್ಕರು ಮಕ್ಕಳಿಗೆ ಸಂದೇಶ ಕಳುಹಿಸದಂತೆ ತಡೆಯುವುದು, ಹೆದರಿದ ಮಗು ಸುಲಭವಾಗಿ ದೂರು ಕೊಡುವಂತೆ ದಾರಿ ಮಾಡುವುದು, ಬಂದ ದೂರನ್ನು ಕೂಡಲೇ ನೋಡುವುದು ಅವನ ಕರ್ತವ್ಯವೇ.

ಹೊಣೆ ಕಂಪನಿಗಳದ್ದು ಮಾತ್ರವೇ? ನಮ್ಮ 2012ರ ಪೋಕ್ಸೋ ಕಾಯಿದೆಯಂತೆ ಮಗುವಿನ ಮೇಲಿನ ಇಂಥ ಅಪರಾಧ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ. ಕಂಪನಿಗಳು ಅಮೆರಿಕದ ಕೇಂದ್ರಕ್ಕೆ ಬರೆದು ಕೈತೊಳೆದುಕೊಂಡರೆ ಸಾಲದು, ಇಲ್ಲಿನ ಪೊಲೀಸರಿಗೂ ತಿಳಿಸಬೇಕೆಂದು 2024ರ ತೀರ್ಪು ಹೇಳಿತು. ಜತ್ತ, ಅಕ್ಕಲಕೋಟೆ, ಆದೋನಿ, ತಾಳವಾಡಿಗಳ ನಮ್ಮ ಜನಕ್ಕೆ ‘ಇದು ಯಾವ ರಾಜ್ಯದ ಠಾಣೆಗೆ ಸೇರಿದ್ದು’ ಎಂಬ ಅನುಮಾನ ಸಹಜ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ಇದೆ.

ಒಂದು ಮಾತನ್ನು ವಿಶೇಷವಾಗಿ ಅರಿಕೆ ಮಾಡಿಕೊಳ್ಳುತ್ತೇವೆ. ಇಂಥ ಚಿತ್ರ ಫೋನಿಗೆ ಬಂದಾಗ, “ಈ ಪಾಪಿಯನ್ನು ಹಿಡಿಯಿರಿ” ಎಂದು ಬರೆದು ಹತ್ತು ಗುಂಪುಗಳಿಗೆ ದಾಟಿಸುವವರಿದ್ದಾರೆ. ಅವರ ಕೋಪ ನ್ಯಾಯವಾದದ್ದೇ ಇರಬಹುದು. ಆದರೆ ಅದರಿಂದ ಪಾಪಿ ಸಿಗುವ ಮೊದಲು ಮಗುವಿನ ಮುಖ ಊರೂರು ಸುತ್ತುತ್ತದೆ. ಮಗುವಿನ ಗುರುತನ್ನು ಬಯಲು ಮಾಡುವುದು, ಚಿತ್ರವನ್ನು ಹಂಚುವುದು ತಾವೇ ಅಪರಾಧಗಳು. ತಿಳಿಸಬೇಕಾದ್ದು ಪೊಲೀಸರಿಗೆ, ಊರಿಗಲ್ಲ. ಇನ್ನು ನೊಂದ ಮಗು ಮನೆಯಲ್ಲಿ ಬಾಯಿಬಿಟ್ಟಾಗ “ಮರ್ಯಾದೆ ಹೋಗುತ್ತದೆ, ಸುಮ್ಮನಿರು” ಎನ್ನುವವರು, ಕಂಡೂ ಕಣ್ಣು ಮುಚ್ಚಿದ ಆ ಛತ್ರದವನಿಗಿಂತ ಹೇಗೆ ಬೇರೆ? ಮರ್ಯಾದೆ ಹೋಗಬೇಕಾದ್ದು ಕೆಡುಕು ಮಾಡಿದವನದು. ಮಗುವಿನ ಮಾತನ್ನು ನಂಬಿ ಕೇಳುವ ಒಂದು ಕಿವಿ ಪ್ರತಿ ಮನೆಯಲ್ಲೂ ಇರಲಿ ಎಂದು ಹಾರೈಸುತ್ತೇವೆ.