ಅಂಗೈ ಮೇಲಿನ ಅರಿವು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಲಿಂಗಾಯತ ಮನೆಗಳಲ್ಲಿ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಲಿಂಗ ಕಟ್ಟಿಸುವ ರೂಢಿಯಿದೆ. ಕೂಸನ್ನು ಯಾರೂ ಕೇಳುವುದಿಲ್ಲ; ಕೇಳಿದರೆ ಹೇಳುವ ವಯಸ್ಸೂ ಅದಲ್ಲ. ಹೆತ್ತವರು ತಮಗೆ ಶ್ರೇಷ್ಠವೆಂದು ಕಂಡದ್ದನ್ನು ಅದಕ್ಕೆ ಕಟ್ಟುತ್ತಾರೆ. ಆದರೆ ಅದೇ ಕೂಸು ಬೆಳೆದು ಪೂಜೆಗೆ ಕೂತಾಗ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು, ತಾನೇ ದಿಟ್ಟಿಸಿ ನೋಡಬೇಕು. ಮಗನ ಪರವಾಗಿ ಅಪ್ಪ ಆ ಪೂಜೆ ಮಾಡಲಾರ, ಮಠದ ಸ್ವಾಮಿಗಳೂ ಮಾಡಲಾರರು. ಕೊಡುವವರು ಹಿರಿಯರು, ಕಾಣಬೇಕಾದದ್ದು ಕೂಸು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತೇವೆ ಎನ್ನುವ ತಂದೆತಾಯಿಗಳ ಮಾತನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ನನಗೆ ಕಾಣದು.

ಅವರ ದೂರು ಪೊಳ್ಳಲ್ಲ. ಮೂರನೇ ನಾಲ್ಕನೇ ಇಯತ್ತೆಗೇ ನವೋದಯ, ಸೈನಿಕ ಶಾಲೆ, ಕಿತ್ತೂರು ಪರೀಕ್ಷೆ ಅಂತ ಕೋಚಿಂಗಿಗೆ ಹಚ್ಚಿದ ಮಗು ಪ್ರಶ್ನೆ ಕೇಳುವುದನ್ನೇ ಬಿಟ್ಟು ಉತ್ತರಗಳನ್ನು ಉರು ಹೊಡೆಯುತ್ತದೆ. ಮನೆಯಲ್ಲಿ ಆಡುವ ಮಾತು ಒಂದು, ಪುಸ್ತಕದ್ದು ಇನ್ನೊಂದು. ಇನ್ನು ಕೆಲವು ತಂದೆತಾಯಿಗಳಿಗೆ ಧರ್ಮ, ಸಂಸ್ಕಾರದ ಚಿಂತೆ. ಶಾಲೆಯ ಗೋಡೆಯ ಹೊರಗೆ ವಿದ್ಯೆಯೇ ಇಲ್ಲವೆಂದು ಈ ನೆಲದಲ್ಲಿ ನಿಂತು ಯಾರೂ ಹೇಳಲಾರರು. ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಬಯಲಾಟ ಶಾಲೆಯ ಪಾಠವಾಗಿ ಉಳಿದು ಬಂದದ್ದಲ್ಲ, ರಾತ್ರಿಯಿಡೀ ಮೇಳದ ಹಿಂದೆ ಕೂತು ಕೇಳಿ ಕಲಿತವರಿಂದ ಬಂತು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯನ್ನು ರೂಪಿಸಿದ್ದು ಆ ಪರಂಪರೆ. ಗೋಕಾಕದ ಚಿತ್ರಗಾರರು ಕಟ್ಟಿಗೆಯಲ್ಲಿ ಬಾಳೆಹಣ್ಣು, ಬದನೆಕಾಯಿ ಮಾಡಿ ಬಣ್ಣ ಕೊಟ್ಟರೆ, ನೋಡಿದವರು ಮುಟ್ಟಿ ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆ ಕೈ ತಿರುಗಿದ್ದೂ ಮನೆಯ ಜಗಲಿಯಲ್ಲೇ. ಕಾಯಕವನ್ನೇ ಪೂಜೆ ಎಂದುಕೊಂಡ ಜನಕ್ಕೆ ಮನೆ ಕಲಿಕೆಯ ಜಾಗವೆಂದು ಹೊಸದಾಗಿ ಹೇಳಬೇಕಿಲ್ಲ.

ಹಾಗಾದರೆ ತಂದೆತಾಯಿಗೆ ಹಕ್ಕಿದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ; ಸೇರಿಸದ ಹೆತ್ತವರಿಗೆ ಶಿಕ್ಷೆಯನ್ನೇನೂ ಹೇಳಿಲ್ಲ. ಮನೆಯಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ಪರೀಕ್ಷೆಗೆ ಕೂರಬಹುದು. ಆದರೆ ನನ್ನ ಗಮನ ಹೋಗುವುದು 2014ರ ಮೇ 6ರಂದು ಸುಪ್ರೀಂ ಕೋರ್ಟು ಕರ್ನಾಟಕದ ಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನ ಕಡೆಗೆ. ಪ್ರಾಥಮಿಕ ಹಂತದಲ್ಲಿ ಕಲಿಕೆಯ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದ ಆ ತೀರ್ಪನ್ನು ತಂದೆತಾಯಿಯ ಗೆಲುವೆಂದೇ ಎಲ್ಲರೂ ಓದಿದರು. ಕನ್ನಡಕ್ಕೆ ಅದರಿಂದ ಪೆಟ್ಟು ಬಿದ್ದದ್ದೂ ನಿಜ. ಆದರೂ ಅಲ್ಲಿ ಆಯ್ಕೆಯ ಹಕ್ಕು ಮಗುವಿನದು. ಹೆತ್ತವರು ಅದನ್ನು ಚಲಾಯಿಸುವುದು ಮಗುವಿನ ಪರವಾಗಿ. ಪರವಾಗಿ ಚಲಾಯಿಸಿದ ಹಕ್ಕನ್ನು ಒಂದು ದಿನ ಹಕ್ಕುದಾರನಿಗೆ ಒಪ್ಪಿಸಲೇಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೇ ಸೀಮೆಯಲ್ಲಿದೆ. ಇಲ್ಲಿ ಕೂಸಿನ ಕೊರಳಿಗೆ ಕಟ್ಟಿದ್ದು ಲಿಂಗವೊಂದೇ ಅಲ್ಲ. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಟ್ಟವರೂ ಹೆತ್ತವರೇ. ಹರಕೆ, ದೇವರು, ಮನೆತನದ ರೂಢಿ ಎಂಬ ಮಾತುಗಳನ್ನು ಅವರೂ ಮನಸ್ಸಾರೆ ಆಡಿದ್ದರು. 1982ರಲ್ಲಿ ಈ ರೂಢಿಯನ್ನು ನಿಷೇಧಿಸುವ ಕಾಯ್ದೆ ಬಂದ ಮೇಲೂ ಅದು ಥಟ್ಟನೆ ನಿಲ್ಲಲಿಲ್ಲ. ಘಟಪ್ರಭಾದಲ್ಲಿ ಹಳೆಯ ದೇವದಾಸಿಯರೇ ಸೇರಿ ಸಂಘಟನೆ ಕಟ್ಟಿಕೊಂಡು, ಮನೆಮನೆಗೆ ಹೋಗಿ ತಡೆಯಬೇಕಾಯಿತು. ಅಂಥ ಮನೆಯ ಮಗು ಶಾಲೆಗೆ ಹೋದರೆ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಖಾಲಿ ಗೆರೆ ಅದನ್ನು ನೋಯಿಸುತ್ತಿತ್ತು, ನಿಜ. ಆದರೂ ಆ ಮಗುವನ್ನು ಹೊರಗಿನವರು ಕಾಣುವ, ಅದು ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವ ಜಾಗ ಶಾಲೆಯೇ ಆಗಿತ್ತು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬಂದು, ಹೊಲದ ದಂಡೆಯ ಜೋಪಡಿಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂರುವ ಹುಡುಗಿಯೂ ಶಾಲೆ ಬಿಟ್ಟವಳೇ. ಅವಳ ಪಾಲಿಗೆ ಅದನ್ನು ಮನೆಪಾಠ ಎನ್ನುವವರು ಯಾರೂ ಇಲ್ಲ.

ಓದಿದ, ಮಕ್ಕಳ ಮೇಲೆ ಜೀವ ಇಟ್ಟ ತಂದೆತಾಯಿಗಳನ್ನು ಮುತ್ತು ಕಟ್ಟಿದವರ ಪಕ್ಕದಲ್ಲಿ ನಿಲ್ಲಿಸುವುದು ಅನ್ಯಾಯವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ. ಅದಕ್ಕೆ ಗಾಂಧೀಜಿಯವರ ಮನೆಯನ್ನೇ ನೋಡೋಣ. ದಕ್ಷಿಣ ಆಫ್ರಿಕದಲ್ಲಿ ಅವರು ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಕಲಿಸಲು ಹೊರಟರು. ಉದ್ದೇಶ ಶುದ್ಧವಾಗಿತ್ತು, ಸಮಯ ಸಾಲಲಿಲ್ಲ. ಮಕ್ಕಳಿಗೆ ಆ ಕೊರಗು ಉಳಿದದ್ದನ್ನು ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಹಿರಿಯ ಮಗ ಹರಿಲಾಲರ ನೋವು ಜೀವನವಿಡೀ ಆರಲಿಲ್ಲ. ಪ್ರೀತಿ ಇದ್ದರೆ ಸಾಕು ಎನ್ನುವ ವಾದ ಅಲ್ಲಿಗೇ ನಿಲ್ಲುತ್ತದೆ. ಧರ್ಮ ಉಳಿಸಲೆಂದು ಮಗುವನ್ನು ಮನೆಯೊಳಗೆ ಇಟ್ಟುಕೊಳ್ಳುವವರು ಬಸವಣ್ಣನವರ ಕಥೆಯನ್ನೂ ನೆನೆಯಬೇಕು. ಹೆತ್ತವರು ಉಪನಯನಕ್ಕೆ ಅಣಿಯಾದಾಗ ಬಾಲಕ ಅದನ್ನು ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದನೆಂದು ಪರಂಪರೆ ಹೇಳುತ್ತದೆ. ಮುಂದೆ ಕಲ್ಯಾಣದಲ್ಲಿ ಮಡಿವಾಳ, ಅಂಬಿಗ, ಅಕ್ಕಿ ಆಯುವವಳು ಎದುರುಬದುರು ಕೂತು ಅನುಭಾವ ಮಾತಾಡಿದರು. ಒಂದೊಂದು ಮನೆಯೂ ತನ್ನ ಕಸುಬು, ತನ್ನ ಮಾತು ತನಗೆ ಅಂತ ಬಾಗಿಲು ಹಾಕಿಕೊಂಡಿದ್ದರೆ ಆ ಗೋಷ್ಠಿಯೇ ಕೂಡುತ್ತಿರಲಿಲ್ಲ.

ಶಾಲೆ ಮಾತ್ರ ಮಗುವನ್ನು ಕೇಳಿ ಕಲಿಸುತ್ತದೆಯೇ ಎಂಬ ಆಕ್ಷೇಪ ಇನ್ನೂ ಗಟ್ಟಿ. ಇಲ್ಲ, ಅದೂ ಕೇಳುವುದಿಲ್ಲ. ಆದರೆ ಬೇರೆ ಬೇರೆ ಓಣಿಯ ಮಕ್ಕಳನ್ನು ಒಂದೇ ಬಿಸಿಯೂಟದ ಸಾಲಿನಲ್ಲಿ ಕೂರಿಸುವುದರಿಂದ, ಮನೆಯ ಮಾತು ಒಂದೇ ಮಾತಲ್ಲ ಎಂಬುದು ಮಗುವಿಗೆ ತಾನಾಗಿ ಗೊತ್ತಾಗುತ್ತದೆ. ಮನೆಯಲ್ಲೇ ಕಲಿಸುವವರನ್ನು ನಾನು ಬೇಡವೆನ್ನಲಾರೆ. ನಿಮ್ಮ ಮಗು ನಿಮ್ಮನ್ನು ಬಿಟ್ಟು ಇನ್ನಾರನ್ನು ಕೇಳಬಹುದು, ನೀವು ನಂಬಿದ್ದನ್ನು ಒಲ್ಲೆ ಅಂದರೆ ಅದಕ್ಕೆ ಎಲ್ಲಿ ಜಾಗ ಇದೆ ಎಂದು ಮಾತ್ರ ಕೇಳುತ್ತೇನೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಕವಿ ಚಂದ್ರಶೇಖರ ಕಂಬಾರರಿಗೆ ಹಾಡು, ಕಥೆ, ಆಟದ ಲಯ ಊರಿನಿಂದಲೇ ಬಂದವು. ಗೋಕಾಕದಲ್ಲಿ ಓದುವಾಗ ಬಡತನದಿಂದ ಶಾಲೆ ಬಿಡಬೇಕಾಗಿ ಬಂತು. ಆಗ ಆ ಹುಡುಗನ ಓದಿನ ಖರ್ಚನ್ನು ತಾವು ವಹಿಸಿಕೊಂಡು ಮತ್ತೆ ಶಾಲೆಗೆ ಕಳಿಸಿದವರು ಒಬ್ಬ ಧರ್ಮಗುರು, ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು.