ದಿಗ್ವ್ರತ ಮತ್ತು ದೋಣಿಯ ತಗಡು

ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಗೆ ಪ್ರತಿ ವರ್ಷ ಜೂನ್ ಕೊನೆಯಿಂದ ಜುಲೈ ನಡುವಿನ ತನಕ ಸಾಕ್‌ಐ ಸಾಲ್ಮನ್ ಮೀನು ಹಿಂಡುಹಿಂಡಾಗಿ ಬರುತ್ತದೆ, ಕಡಲು ಬಿಟ್ಟು ತಾನು ಹುಟ್ಟಿದ ಹೊಳೆಯನ್ನು ಹುಡುಕಿಕೊಂಡು. 2022ರಲ್ಲಿ ಹೀಗೆ ಬಂದ ಮೀನು ಸುಮಾರು 7.9 ಕೋಟಿ. ಕೆಲವೇ ವಾರಗಳ ಈ ಸುಗ್ಗಿಗಾಗಿ ಹೊಸದಾಗಿ ಕಟ್ಟಿಸುವ ದೋಣಿಗಳಲ್ಲಿ ಹೆಚ್ಚಿನವು ಈಗ ಅಲ್ಯೂಮಿನಿಯಂನವು. ಕಟ್ಟಿಸುವವನು ತಗಡಿನ ಲೆಕ್ಕಕ್ಕೆ ಕುಳಿತ ಮೊದಲ ದಿನವೇ ಎದುರಾಗುವ ಪ್ರಶ್ನೆ, ತಳಕ್ಕೆ ಎಷ್ಟು ದಪ್ಪ ಹಾಕಬೇಕು ಎಂಬುದು. ಐದು ಮಿಲಿಮೀಟರೋ, ಆರೋ, ಇನ್ನೂ ಹೆಚ್ಚೋ? ಇದು ಲೋಹದ ಪ್ರಶ್ನೆ, ಎಂಜಿನಿಯರನಿಗೆ ಬಿಟ್ಟರಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ದುಡ್ಡಿದ್ದವನು ಒಂದು ಮಿಲಿಮೀಟರ್ ಹೆಚ್ಚೇ ಇರಲಿ ಎನ್ನುತ್ತಾನೆ, ಇಲ್ಲದವನು ನಡೆಯುತ್ತದೆ ಬಿಡಿ ಎನ್ನುತ್ತಾನೆ. ನನ್ನ ಪ್ರಕಾರ ಇಬ್ಬರೂ ಲೆಕ್ಕವನ್ನು ತಪ್ಪು ತುದಿಯಿಂದ ಹಿಡಿದಿದ್ದಾರೆ. ತಾನು ಎಲ್ಲಿಗೆ ಹೋಗುವುದಿಲ್ಲ ಎಂದು ಮೊದಲೇ ತೀರ್ಮಾನಿಸದವನಿಗೆ ದಪ್ಪ ಎಷ್ಟಿರಬೇಕೆಂದು ತಿಳಿಯುವ ದಾರಿಯೇ ಇಲ್ಲ. ತಗಡಿನ ದಪ್ಪ ಒಂದು ತ್ಯಾಗದ ಫಲ. ಆ ತ್ಯಾಗದ ಸ್ವರೂಪವನ್ನು ಎಂಜಿನಿಯರಿಂಗ್ ಪುಸ್ತಕಗಳಿಗಿಂತ ಚೆನ್ನಾಗಿ ಬಿಡಿಸಿಟ್ಟವರು ಶ್ರಾವಕನ, ಅಂದರೆ ಜೈನ ಗೃಹಸ್ಥನ, ವ್ರತಗಳನ್ನು ವಿವರಿಸಿದ ಜೈನ ಆಚಾರ್ಯರು.

ಮೊದಲು ಲೋಹದ ಮಾತನ್ನೇ ನೋಡೋಣ. ಹೆಚ್ಚು ದಪ್ಪವಾದರೆ ಹೆಚ್ಚು ಭದ್ರ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ತಗಡನ್ನು ಐದರಿಂದ ಆರು ಮಿಲಿಮೀಟರಿಗೆ ಏರಿಸಿದರೆ ತೂಕ ಶೇಕಡಾ 20 ಹೆಚ್ಚುತ್ತದೆ. ಬಾಗುವಿಕೆಯನ್ನು ತಡೆಯುವ ಬಲ ದಪ್ಪದ ವರ್ಗದಂತೆ ಬೆಳೆಯುವುದರಿಂದ ಶೇಕಡಾ 44 ಏರುತ್ತದೆ. ಬಿಗಿತ ಘನದಂತೆ ಬೆಳೆಯುವುದರಿಂದ ಶೇಕಡಾ 73. ಕೇಳಿದರೆ ಲಾಭದ ವ್ಯಾಪಾರ. ಆದರೆ ನೀರಿನ ಒತ್ತಡವನ್ನು ತಗಡು ಒಂಟಿಯಾಗಿ ಹೊರುವುದಿಲ್ಲ. ಒಳಗಿನ ಪಕ್ಕೆಲುಬುಗಳ ನಡುವೆ ಹರಡಿಕೊಂಡು ಹೊರುತ್ತದೆ. ಬೇಕಾದ ದಪ್ಪ ಆ ಪಕ್ಕೆಲುಬುಗಳ ಅಂತರಕ್ಕೆ ನೇರ ಅನುಪಾತದಲ್ಲಿದೆ: 40 ಸೆಂಟಿಮೀಟರಿಗೊಂದು ಪಕ್ಕೆಲುಬು ಇರುವಲ್ಲಿ 30ಕ್ಕೊಂದು ಕೊಟ್ಟರೆ, ಐದು ಮಿಲಿಮೀಟರಿನ ತಗಡು ಸುಮಾರು 6.7 ಮಿಲಿಮೀಟರಿನದರ ಕೆಲಸ ಮಾಡುತ್ತದೆ. ಹಾಗಾದರೆ ಪಕ್ಕೆಲುಬುಗಳನ್ನೇ ಒತ್ತೊತ್ತಾಗಿ ಇಟ್ಟರಾಯಿತಲ್ಲ? ಅಲ್ಲಿಯೂ ಒಂದು ತೊಡಕಿದೆ. ದೋಣಿಗೆ ಹೆಚ್ಚಾಗಿ ಬಳಸುವ 5083 ಎಂಬ ಮೆಗ್ನೀಸಿಯಂ ಮಿಶ್ರಲೋಹಕ್ಕೆ ಗಡಸು ಬರುವುದು ತಣ್ಣಗೆ ಉರುಳಿಸಿ ಬಿಗಿಗೊಳಿಸಿದ್ದರಿಂದ. ಬೆಸುಗೆಯ ಕಾವು ಆ ಬಿಗಿಯನ್ನು ಸಡಿಲಿಸುತ್ತದೆ. ಸುಮಾರು 215 ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಮಣಿಯದ ತಗಡು ಬೆಸುಗೆಯ ಅಂಚಿನಲ್ಲಿ 125ರ ಆಸುಪಾಸಿಗೆ ಇಳಿಯುತ್ತದೆ. ಬಲಪಡಿಸಲೆಂದು ಕೂಡಿಸಿದ ಜಾಗವೇ ದುರ್ಬಲ ಜಾಗ. ಅತ್ತ ಬಂಡೆ ಚುಚ್ಚುವ ಕರಾವಳಿಯಲ್ಲಿ ಪಕ್ಕೆಲುಬುಗಳ ನಡುವೆ ಬೀಳುವ ಮೊನಚು ಪೆಟ್ಟಿಗೆ ಅವು ಅಷ್ಟಾಗಿ ಒದಗುವುದಿಲ್ಲ, ಅಲ್ಲಿ ತಗಡಿನ ದಪ್ಪವೇ ಗತಿ. ಬ್ರಿಸ್ಟಲ್ ಕೊಲ್ಲಿಯಲ್ಲಾದರೆ ಉಬ್ಬರ ಇಳಿದಾಗ ದೋಣಿ ಕೂರುವುದು ಹೆಚ್ಚಾಗಿ ಮರಳು ಕೆಸರಿನ ದಿಬ್ಬದ ಮೇಲೆ. ಅಂದರೆ ಯಾವ ನೀರು, ಯಾವ ತಳ, ಎಷ್ಟು ವೇಗ, ಎಷ್ಟು ಹೊರೆ ಎಂಬುದನ್ನು ಹೇಳದೆ ‘ಎಷ್ಟು ದಪ್ಪ’ ಎಂದು ಕೇಳುವುದೇ ಅಪೂರ್ಣ ವಾಕ್ಯ. ಎಲ್ಲ ಸೇರಿ 50 ಚದರ ಮೀಟರ್ ಮೈಯಿರುವ ದೋಣಿಗೆ ಒಂದು ಮಿಲಿಮೀಟರ್ ಏರಿಸಿದರೆ 130 ಕಿಲೋ ಮಿಕ್ಕ ತೂಕ ಏರುತ್ತದೆ, ದೋಣಿ ಅಷ್ಟು ಕೆಳಗೆ ಕೂರುತ್ತದೆ. ಭದ್ರತೆಗೆಂದು ಕೊಂಡದ್ದೇ ದೋಣಿ ಹೊರಬೇಕಾದ ಹೊರೆಯೂ ಆಗುತ್ತದೆ.

ನಡುವಿನದನ್ನು ಹಿಡಿದರೆ ಸರಿ ಎಂಬ ಸಲಹೆ ಇಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಅರಿಸ್ಟಾಟಲ್ ಅದನ್ನು ಎಂದೋ ತಳ್ಳಿಹಾಕಿದ್ದಾನೆ. ಹತ್ತು ಪಾಲು ಊಟ ಅತಿಯಾಗಿ ಎರಡು ಪಾಲು ಕೊರತೆಯಾದರೆ ಎಲ್ಲರಿಗೂ ಆರು ಬಡಿಸೆಂದು ಅರ್ಥವಲ್ಲ. ಜಟ್ಟಿ ಮೈಲೋನಿಗೆ ಅದು ಸಾಲದು, ಹೊಸದಾಗಿ ಗರಡಿಗೆ ಬಂದವನಿಗೆ ಹೆಚ್ಚು ಎನ್ನುವುದು ಅವನ ವಾದ. ಹದ ಎಂಬುದು ಯಾರಿಗೆ, ಯಾವುದಕ್ಕೆ ಎಂಬುದರ ಮೇಲೆ ನಿಂತಿದೆ. ಇಷ್ಟು ಒಪ್ಪಿದ ಮೇಲೂ ಅರಿಸ್ಟಾಟಲ್ ನಮ್ಮನ್ನು ಅರ್ಧ ದಾರಿಯಲ್ಲಿ ಬಿಡುತ್ತಾನೆ ಎನಿಸುತ್ತದೆ. ವಿವೇಕಿಯಾದವನು ಹದವನ್ನು ಕಂಡುಕೊಳ್ಳುತ್ತಾನೆ, ಸರಿ. ಅವನು ಯಾವುದನ್ನು ಮೊದಲು ಗಟ್ಟಿ ಮಾಡಿಕೊಂಡು ಲೆಕ್ಕ ಶುರುಮಾಡಬೇಕು?

ಸಣ್ಣ ದೋಣಿಗಳ ಅಂತರರಾಷ್ಟ್ರೀಯ ಮಾನದಂಡಗಳು ಇದಕ್ಕೊಂದು ಉತ್ತರ ಕೊಡುತ್ತವೆ. ಅವು ದೋಣಿಗಳನ್ನು ನಾಲ್ಕು ವರ್ಗ ಮಾಡುತ್ತವೆ: ಕೊಳ, ಕಾಲುವೆಗಳಂಥ ಶಾಂತ ನೀರಿನವು, ಎರಡು ಮೀಟರ್ ಅಲೆಯ ತನಕದ ತೀರದಂಚಿನವು, ನಾಲ್ಕು ಮೀಟರ್ ಅಲೆಯ ತನಕ ತೀರದಿಂದ ದೂರ ಹೋಗಬಲ್ಲವು, ಅದರಾಚೆಯ ಮಹಾಸಾಗರದವು. ಈ ವರ್ಗವನ್ನು ಸೂತ್ರದಲ್ಲಿ ಹಾಕಿದ ಮೇಲೆಯೇ ಒತ್ತಡ ಹೊರಡುತ್ತದೆ, ಒತ್ತಡದಿಂದ ದಪ್ಪ. ಆದರೆ ವರ್ಗವನ್ನು ಸೂತ್ರ ಹೇಳುವುದಿಲ್ಲ. ಅದನ್ನು ಮಾಲೀಕ ಹೇಳಬೇಕು. ಜೈನರ ತತ್ತ್ವಾರ್ಥಸೂತ್ರ ಶ್ರಾವಕನ ಐದು ಅಣುವ್ರತಗಳ, ಅಂದರೆ ಕಿರುವ್ರತಗಳ, ಬೆನ್ನಿಗೇ ಹೇಳುವ ದಿಗ್ವ್ರತದ ಕೆಲಸ ಇದೇ. ದಿಗ್ವ್ರತ ತೊಟ್ಟವನು ದಿಕ್ಕುದಿಕ್ಕಿಗೂ ಒಂದು ಗಡಿ ಹಾಕಿಕೊಳ್ಳುತ್ತಾನೆ: ಇಂಥ ನದಿಯ ತನಕ, ಇಂಥ ಬೆಟ್ಟದ ತನಕ, ಅದರಾಚೆಗೆ ಬದುಕಿರುವ ತನಕ ಹೋಗುವುದಿಲ್ಲ. ಇದರ ಹಿಂದಿನ ತರ್ಕ ಸೊಗಸಾಗಿದೆ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ, ಗಡಿಯೊಳಗೆ ಗೃಹಸ್ಥನ ಅಹಿಂಸೆ ಅರೆಬರೆಯೇ. ಆದರೆ ಗಡಿಯಾಚೆ ಅವನು ಹೆಜ್ಜೆಯನ್ನೇ ಇಡದ್ದರಿಂದ ಅಲ್ಲಿ ಅವನ ಅಣುವ್ರತಗಳು ಮುನಿಯ ಮಹಾವ್ರತಗಳಷ್ಟೇ ಪೂರ್ಣವಾಗುತ್ತವೆ. ದೋಣಿಗೂ ಈ ತರ್ಕ ಹಾಗೆಯೇ ಸಲ್ಲುತ್ತದೆ. ನಾಲ್ಕು ಮೀಟರಿನ ಅಲೆಗೆ ಹೋಗುವುದಿಲ್ಲವೆಂದು ಗಟ್ಟಿ ಮಾಡಿಕೊಂಡವನಿಗೆ ಆ ಅಲೆಯಿಂದ ಎಷ್ಟು ದಪ್ಪದ ತಗಡೂ ಕೊಡಲಾರದಷ್ಟು ರಕ್ಷಣೆ ಸಿಕ್ಕಿದೆ, ಅದೂ ಒಂದು ಗ್ರಾಂ ತೂಕವಿಲ್ಲದೆ. ಗಡಿಯೊಳಗಿನದಕ್ಕೆ ಮಾತ್ರ ಲೋಹ ಬೇಕು. ಗಡಿಯೇ ಇಲ್ಲದವನಿಗೆ ಬೇಕಾದ ಲೋಹಕ್ಕೂ ಮಿತಿಯಿಲ್ಲ, ಏಕೆಂದರೆ ‘ಒಂದು ವೇಳೆ’ ಎಂಬ ಮಾತಿಗೆ ತುದಿಯಿಲ್ಲ.

ಈ ಗಡಿ ಒಳಗಿನಿಂದ ಬರಬೇಕು ಎನ್ನುವುದಕ್ಕೆ ಬ್ರಿಸ್ಟಲ್ ಕೊಲ್ಲಿಯೇ ಸಾಕ್ಷಿ. ಅಲ್ಲಿ ಮೀನುದೋಣಿಯ ಉದ್ದ 32 ಅಡಿ ಮೀರಬಾರದೆಂಬ ಕಾನೂನಿದೆ. 1951ರ ತನಕ ಎಂಜಿನ್ ಕೂಡ ನಿಷಿದ್ಧವಾಗಿತ್ತು, ಹಾಯಿಯಲ್ಲೇ ಬಲೆ ಬಿಡುತ್ತಿದ್ದರು. ಎಂಜಿನ್ ಬಂತು, ಉದ್ದದ ಮಿತಿ ಉಳಿಯಿತು. ಪರಿಣಾಮ? ಉದ್ದಕ್ಕೆ ಬೆಳೆಯಲಾಗದ ದೋಣಿಗಳು ಅಗಲಕ್ಕೆ ಬೆಳೆದವು, ಆಳಕ್ಕೆ ಬೆಳೆದವು, ಎಂಜಿನ್ನಿನ ಬಲಕ್ಕೆ ಬೆಳೆದವು. ಮೀನು ಕೆಡದಂತೆ ತಣ್ಣಗಿಡುವ ಯಂತ್ರಗಳು ಒಳಗೆ ಕುಳಿತವು. 32 ಅಡಿಯೊಳಗೆ ಆಸೆ ಒಂದು ಅಂಗುಲವೂ ಕುಗ್ಗಲಿಲ್ಲ. ಮೀನು ಹಿಡಿಯಲು ಅನುಮತಿಯಿರುವ ವಲಯದ ಗೆರೆಯಂಚಿನಲ್ಲಿ ದೋಣಿಗಳು ಒಂದನ್ನೊಂದು ಒತ್ತಿಕೊಂಡು, ಗುದ್ದಿಕೊಂಡು ಬಲೆ ಬಿಡುವುದು ಹೆಸರಾದ ಸಂಗತಿ. ಹೀಗಾಗಿ ಅಲ್ಲಿನ ದೋಣಿಯ ಪಕ್ಕಗಳು ನೆರೆಯವನ ಗುದ್ದನ್ನೂ ತಾಳುವಂತಿರಬೇಕು. ಹೊರಗಿನ ಮಿತಿಗೂ ವ್ರತಕ್ಕೂ ಇರುವ ಅಂತರವನ್ನು ಕನ್ನಡದವರು ಆಯ್ದಕ್ಕಿ ಲಕ್ಕಮ್ಮನಿಂದ ಬಲ್ಲರು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಅವಳು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಕಥೆಯಲ್ಲಿ ಕಲ್ಯಾಣದ ಯಾವ ಅಧಿಕಾರಿಯೂ ಅಳತೆಗೋಲು ಹಿಡಿದು ನಿಂತಿರಲಿಲ್ಲ.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ನೀವು ಗಡಿ ಹಾಕಿಕೊಂಡಿರಿ, ಸರಿ. ಕಡಲು ಅದನ್ನು ಓದಿದೆಯೇ? ಎರಡು ಮೀಟರ್ ಅಲೆಯೆಂದು ಹೊರಟವನಿಗೆ ಮೂರು ಮೀಟರಿನದು ಎದುರಾದರೆ ವ್ರತ ಬಂದು ತಗಡನ್ನು ಹಿಡಿದುಕೊಳ್ಳುತ್ತದೆಯೇ? ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿನದು ಇರಲೇಬೇಕು. ಆದರೆ ಈ ಹೆಚ್ಚಿನದರಲ್ಲಿ ಎರಡು ಜಾತಿಯಿದೆ. ಗಡಿಯೊಳಗೆ ನಮಗೆ ತಿಳಿಯದೆ ಉಳಿದಿರುವುದಕ್ಕಾಗಿ, ಅಂದರೆ ಬೆಸುಗೆಯ ಕಾಣದ ಸೀಳು, ಮುನ್ಸೂಚನೆ ತಪ್ಪಿದ ಗಾಳಿ, ಮರಳೆಂದುಕೊಂಡಲ್ಲಿ ಇದ್ದ ಕಲ್ಲು, ಇವುಗಳಿಗಾಗಿ ಇಟ್ಟದ್ದು ಒಂದು. ಗಡಿಯನ್ನು ಮುಂದೊಂದು ದಿನ ದಾಟಬೇಕೆಂಬ ಆಸೆಗಾಗಿ ಇಟ್ಟದ್ದು ಇನ್ನೊಂದು. ಮೊದಲನೆಯದು ಅಜ್ಞಾನವನ್ನು ಒಪ್ಪಿಕೊಳ್ಳುವ ವಿನಯ. ಎರಡನೆಯದು ದಾಟಿದ ಮೊದಲ ದಿನವೇ ಖರ್ಚಾಗಿ ಹೋಗುತ್ತದೆ, ದಾಟಿದವನು ಮತ್ತೆ ಬರಿಗೈ. ತಗಡಿನ ಮೇಲೆ ನೋಡಿದರೆ ಎರಡೂ ಒಂದೇ ಮಿಲಿಮೀಟರ್. ವ್ಯತ್ಯಾಸ ಕಟ್ಟಿಸುವವನ ಮನಸ್ಸಿನಲ್ಲಿ ಮಾತ್ರವಿರುವುದರಿಂದಲೇ ಇದು ಲೋಹದ ಪ್ರಶ್ನೆಯಾಗಿ ಮುಗಿಯುವುದಿಲ್ಲ. ಜೈನರು ದಿಗ್ವ್ರತದ ಜೊತೆಗೇ ದೇಶವ್ರತವನ್ನು ಇಟ್ಟರು: ಬದುಕಿಡೀ ಹಾಕಿಕೊಂಡ ದೊಡ್ಡ ಗಡಿಯೊಳಗೆ ಇಂದಿಗೆ, ಈ ವಾರಕ್ಕೆ ಇನ್ನೂ ಕಿರಿದಾದ ಗಡಿ. ಗಾಳಿ ಎದ್ದ ದಿನ ದಂಡೆಯಲ್ಲೇ ಉಳಿಯುವವನು ಅದರ ಹೆಸರು ಕೇಳದೆಯೇ ದೇಶವ್ರತ ಮಾಡುತ್ತಿರುತ್ತಾನೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಸರ್ಕಾರವೇ ಹಾಕುವ 61 ದಿನಗಳ ನಿಷೇಧ ಹೊರಗಿನಿಂದ ಬಂದ ದೇಶವ್ರತ. ಮಲ್ಪೆಯ ಬೋಟುಗಳು ದಂಡೆಗೆ ಒರಗಿರುವ ಆ ದಿನಗಳೇ ಬ್ರಿಸ್ಟಲ್ ಕೊಲ್ಲಿಯವರಿಗೆ ಸುಗ್ಗಿ ಎನ್ನುವುದು ಬೇರೆ ಮಾತು.

ದಪ್ಪವನ್ನು ನಂಬಿ ಕುಳಿತವನಿಗೆ ಅಲ್ಯೂಮಿನಿಯಂ ಇನ್ನೂ ಎರಡು ಪಾಠ ಇಟ್ಟುಕೊಂಡಿದೆ. ಉಕ್ಕಿಗೆ ಒಂದು ದಣಿವಿನ ಮಿತಿಯಿದೆ: ಅದಕ್ಕಿಂತ ಸಣ್ಣ ಪೆಟ್ಟು ಎಷ್ಟು ಸಲ ಬಿದ್ದರೂ ಉಕ್ಕು ಬಿರಿಯುವುದಿಲ್ಲ (ಉಪ್ಪುನೀರಿನಲ್ಲಿ ತುಕ್ಕು ಹತ್ತಿದರೆ ಆ ಭರವಸೆ ಅದಕ್ಕೂ ಇಲ್ಲ). ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯೇ ಇಲ್ಲ. ಸಣ್ಣ ಅಲೆಗಳ ಪೆಟ್ಟೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ, ಬಿರುಕು ಬೆಸುಗೆಯ ಅಂಚಿನಿಂದ ನಿಧಾನ ಬೆಳೆಯುತ್ತದೆ. ಕರ್ಮವನ್ನೇ ಸೂಕ್ಷ್ಮ ದ್ರವ್ಯವೆಂದು ಎಣಿಸಿದ ಜೈನ ದಾರ್ಶನಿಕನಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು. ದಪ್ಪ ಹೆಚ್ಚಿಸಿದರೆ ಈ ಲೆಕ್ಕ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಎರಡನೆಯದು ತಾಮ್ರ. ದೋಣಿಯ ತಳದಲ್ಲಿ ನಿಂತ ಉಪ್ಪುನೀರಿಗೆ ಬಿದ್ದ ತಾಮ್ರದ ತಂತಿಯ ಚೂರೊಂದು ತಾನು ತಾಗಿಕೊಂಡ ಅಲ್ಯೂಮಿನಿಯಂ ತಗಡನ್ನು ಕೊರೆಯುತ್ತ ಹೋಗುತ್ತದೆ. ಎಂಟು ಮಿಲಿಮೀಟರಿನ ತಗಡಾದರೆ ತೂತಾಗಲು ತಡವಾದೀತು, ಅಷ್ಟೇ. ಅಪಾಯ ಯಾವಾಗಲೂ ನಾವು ಕವಚ ತೊಟ್ಟ ಕಡೆಯಿಂದಲೇ ಬರುವುದಿಲ್ಲ. ದಪ್ಪಕ್ಕೆ ಸುರಿದ ಹಣ ಎಚ್ಚರವನ್ನು ಮಂದಗೊಳಿಸಿದರೆ, ಎಚ್ಚರದಿಂದ ನೋಡಿಕೊಂಡ ತೆಳು ದೋಣಿಗಿಂತ ದಪ್ಪ ದೋಣಿಯೇ ಹೆಚ್ಚು ಅಪಾಯದ್ದಾದೀತು.

ಎರಡನೆಯ ಆಕ್ಷೇಪಕ್ಕೆ ನನ್ನ ವಾದ ಪೂರ್ತಿ ಗೆಲ್ಲುವುದಿಲ್ಲ. ವ್ರತ ತೊಡುವವನು ಮಾಲೀಕ, ಅಲೆಗೆ ಮೈಯೊಡ್ಡುವವನು ಬಲೆ ಎಳೆಯುವ ಆಳು. ಅವನು ತಗಡಿನ ದಪ್ಪವನ್ನೂ ಆರಿಸಲಿಲ್ಲ, ಗಡಿಯನ್ನೂ ಎಳೆಯಲಿಲ್ಲ. ದೋಣಿಯ ಸಾಲ, ಒಂದೇ ಋತುವಿನಲ್ಲಿ ವರ್ಷದ ದುಡಿಮೆ ಎತ್ತಬೇಕಾದ ಒತ್ತಡ, ಇವು ಮಾಲೀಕನನ್ನು ಗೆರೆಯಾಚೆಗೆ ನೂಕಿದಾಗ ಆಳಿನ ಒಪ್ಪಿಗೆಯನ್ನು ಯಾರು ಕೇಳುತ್ತಾರೆ? ಶ್ರಾವಕನ ವ್ರತಗಳು ತನ್ನೊಬ್ಬನ ನಡತೆಯನ್ನು ಕಟ್ಟಿಕೊಳ್ಳುವ ಸಾಧನಗಳು. ಇನ್ನೊಬ್ಬನ ಜೀವವನ್ನು ಒಡ್ಡಿ ಮಾಡುವ ಲೆಕ್ಕಕ್ಕೆ ಅವು ಸಾಲುವುದಿಲ್ಲ. ಕಾನೂನು ಹೇಳುವ ಕನಿಷ್ಠ ದಪ್ಪ ಇರಬೇಕಾದದ್ದು ಈ ಕಾರಣಕ್ಕೇ, ಅದು ವ್ರತಕ್ಕೆ ಬದಲಿಯೆಂದಲ್ಲ. ಅದರ ಮೇಲೆ ಆಳಿಗೂ ಗಡಿ ಗೊತ್ತಿರಬೇಕು, ದಾಟುವಾಗ ಬೇಡವೆನ್ನುವ ಹಕ್ಕಿರಬೇಕು. ಗುಟ್ಟಾಗಿ ಹಾಕಿಕೊಂಡ ಗಡಿ ಗುಟ್ಟಾಗಿಯೇ ಸರಿಯುತ್ತದೆ.

ಮೂರನೆಯದು ಜೈನನೇ ಎತ್ತಬಹುದಾದ ಮಾತು. ಜೀವ ಹಿಂಸೆಯನ್ನು ಕುಗ್ಗಿಸಲೆಂದು ಮಾಡಿದ ವ್ರತವನ್ನು ಮೀನು ಕೊಲ್ಲುವ ದೋಣಿಗೆ ಹೊಂದಿಸುವುದು ಅದನ್ನು ತಲೆಕೆಳಗು ಮಾಡಿದಂತಲ್ಲವೇ? ಹೌದು, ಮುಜುಗರದ ಸಾಲ ಇದು. ಸಮಂತಭದ್ರರ ಮುಂದೆ ಈ ಪ್ರಶ್ನೆ ಇಟ್ಟರೆ ದೋಣಿಯನ್ನೇ ಕಟ್ಟಬೇಡ ಎಂದಾರು. ಆಗ ಬೇಕಾದ ತಗಡಿನ ದಪ್ಪ ಸೊನ್ನೆ, ಮತ್ತು ತರ್ಕ ಅವರ ಕಡೆಯೇ ಇರುತ್ತದೆ. ಆದರೆ ಆ ಉತ್ತರ ಕಟ್ಟದವನಿಗೆ. ಮೀನಿನಿಂದಲೇ ಬದುಕುವ ಜನ ಕಡಲಿಗಿಳಿಯದೆ ಇರುವುದಿಲ್ಲ. ಇಳಿಯುವವನೂ ತನ್ನ ಮುಟ್ಟುವಿಕೆಗೆ ಒಂದು ಎಲ್ಲೆ ಹಾಕಿಕೊಂಡರೆ, ಎಲ್ಲೆಯಾಚೆಯ ನೀರಿಗೂ ಅಲ್ಲಿನ ಮೀನಿಗೂ ಅವನಿಂದ ತೊಂದರೆಯಿಲ್ಲ. ವ್ರತದ ಮೂಲ ಉದ್ದೇಶದ ಒಂದು ಚೂರಾದರೂ ಅಲ್ಲಿ ಉಳಿದಿದೆ.

ಇನ್ನು ಉಳಿದದ್ದು ದೋಣಿ ಕೈ ಬದಲಾಯಿಸುವ ಸಂಗತಿ. ಚೆನ್ನಾಗಿ ನೋಡಿಕೊಂಡ ಅಲ್ಯೂಮಿನಿಯಂ ದೋಣಿ ದಶಕಗಳ ಕಾಲ ಬಾಳುತ್ತದೆ, ಕಟ್ಟಿಸಿದವನ ಕೈಯಿಂದ ಎರಡನೆಯವನಿಗೆ, ಮೂರನೆಯವನಿಗೆ ಹೋಗುತ್ತದೆ. ತಗಡಿನ ದಪ್ಪ ಅದರ ಜೊತೆ ಹೋಗುತ್ತದೆ. ಅದನ್ನು ನಿರ್ಧರಿಸಿದ ವ್ರತ ಮಾರಿದವನ ಬಳಿಯೇ ಉಳಿಯುತ್ತದೆ. ಕೊಂಡವನು ತಗಡನ್ನು ಬೆರಳಿನಿಂದ ತಟ್ಟಿ, ಗಟ್ಟಿಯಾಗಿದೆ ಎಂದುಕೊಂಡು, ಮೊದಲಿನವನು ಕಾಲಿಡದ ನೀರಿಗೆ ಹೊರಡುತ್ತಾನೆ. ಯುರೋಪಿನಲ್ಲಿ ಮಾರುವ ಹವ್ಯಾಸಿ ಮೀನುದೋಣಿಗಳಿಗೆ ತಯಾರಕನು ಒಂದು ಪುಟ್ಟ ಫಲಕ ಬಡಿಯಲೇಬೇಕು. ಅದರ ಮೇಲೆ ತಯಾರಕನ ಹೆಸರು, ಎಷ್ಟು ಜನ, ಎಷ್ಟು ಹೊರೆ, ಯಾವ ವರ್ಗದ ನೀರು ಎಂದು ಬರೆದಿರುತ್ತದೆ. ತಗಡು ಎಷ್ಟು ದಪ್ಪ ಎಂದು ಬರೆಯಬೇಕೆಂಬ ನಿಯಮ ಅಲ್ಲಿಲ್ಲ.